ಬೋರ್ಡ್ 40 ಪರ್ಸೆಂಟ್ ಬರೆದರೂ ಡಿಸಬಿಲಿಟಿ ಪೆನ್ಷನ್ ಯಾಕೆ ಬರಲಿಲ್ಲ?

ಪ್ರಶ್ನೆ: ನನ್ನ ಯಜಮಾನರು ಆರ್ಟಿಲರಿಯಲ್ಲಿ ಹವಾಲ್ದಾರ್ ಆಗಿದ್ದರು. 24 ವರ್ಷ ಸರ್ವೀಸ್ ಮುಗಿಸಿ 2022ರಲ್ಲಿ ಊರಿಗೆ ಬಂದರು. ನಮ್ಮದು ಬೆಳಗಾವಿ ಜಿಲ್ಲೆ. ಸರ್ವೀಸ್‌ನಲ್ಲಿದ್ದಾಗ ಟ್ರೇನಿಂಗ್ ವೇಳೆ ಬಿದ್ದು ಬಲ ಮೊಣಕಾಲಿಗೆ ಪೆಟ್ಟಾಗಿತ್ತು. ಕಾರ್ಗಿಲ್ ಕಡೆ ಫೀಲ್ಡ್ ಪೋಸ್ಟಿಂಗ್ ಮುಗಿಸಿ ಹೈದರಾಬಾದಿಗೆ ಬಂದ ಕೆಲವೇ ತಿಂಗಳಲ್ಲಿ ಬಿಪಿ ಇದೆ ಅಂತ ಗೊತ್ತಾಯಿತು. ಬಿಡುಗಡೆಗೆ ಮುಂಚೆ ಮೆಡಿಕಲ್ ಬೋರ್ಡ್ ಆಯಿತು. ಬಿಪಿಗೆ 30 ಪರ್ಸೆಂಟ್, ಮೊಣಕಾಲಿಗೆ 15, ಒಟ್ಟು 40 ಅಂತ ಬರೆದಿದ್ದಾರೆ. ಮೊಣಕಾಲಿನ ಎದುರು ಅಟ್ರಿಬ್ಯೂಟಬಲ್ ಅಂತಿದೆ. ಬಿಪಿ ಎದುರು ಸೇವೆಗೆ ಸಂಬಂಧವಿಲ್ಲ, ಪೀಸ್ ಸ್ಟೇಷನ್‌ನಲ್ಲಿ ಶುರುವಾದದ್ದು ಅಂತಿದೆ. ಆಮೇಲೆ ರೆಕಾರ್ಡ್ಸ್ ಆಫೀಸಿನಿಂದ ಡಿಸಬಿಲಿಟಿ ಪೆನ್ಷನ್ ಇಲ್ಲ ಅಂತ ಕಾಗದ ಬಂತು. ನಾವು ಅಪೀಲ್ ಮಾಡಲಿಲ್ಲ. ಈಗ ತಡವಾಯಿತಾ? ನನ್ನ ಮೈದುನ ಅಗ್ನಿವೀರ್. ಅವನಿಗೂ ಇದೇ ನಿಯಮವಾ?

ಉತ್ತರ: ತಂಗಿ, ಮೊದಲು ನಿಮ್ಮ ಕೈಯಲ್ಲಿರುವ ಕಾಗದದ ಲೆಕ್ಕ ಬಿಡಿಸೋಣ. 40 ಅಂತ ಬರೆದು ಒಂದು ರೂಪಾಯಿಯೂ ಕೊಡಲಿಲ್ಲ ಅಂದರೆ ಯಾರಿಗಾದರೂ ಮೋಸ ಅಂತಲೇ ಅನಿಸುತ್ತದೆ. ಆದರೆ ನಿಯಮದ ಪ್ರಕಾರ ಅದು ಹೇಗೆ ಬಂತು ಅಂತ ಗೊತ್ತಾದರೆ, ಎಲ್ಲಿ ಪ್ರಶ್ನೆ ಎತ್ತಬೇಕು ಅನ್ನುವುದೂ ಗೊತ್ತಾಗುತ್ತದೆ.

ಬೋರ್ಡ್ ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಬರೆಯುತ್ತದೆ. ಒಂದು, ಈ ಮನುಷ್ಯನಿಗೆ ಎಷ್ಟು ಊನವಾಗಿದೆ? ಅದು ಪರ್ಸೆಂಟ್. ಇನ್ನೊಂದು, ಈ ಊನಕ್ಕೂ ಸೈನ್ಯದ ಸೇವೆಗೂ ಸಂಬಂಧ ಇದೆಯಾ? ಇದಕ್ಕೆ ಮೂರು ಉತ್ತರ ಇರಬಹುದು. ಸೇವೆಯಿಂದಲೇ ಬಂದಿದ್ದರೆ ಅಟ್ರಿಬ್ಯೂಟಬಲ್. ಬೇರೆ ಕಾರಣದಿಂದ ಬಂದು ಸೇವೆಯಿಂದ ಜಾಸ್ತಿಯಾಗಿದ್ದರೆ ಅಗ್ರವೇಟೆಡ್. ಇಲ್ಲವೇ ಎರಡೂ ಅಲ್ಲ. ಮೊದಲ ಎರಡರಲ್ಲಿ ಯಾವುದಾದರೂ ಒಂದು ಇದ್ದರೆ ಮಾತ್ರ ಆ ಪರ್ಸೆಂಟ್ ಹಣದ ಲೆಕ್ಕಕ್ಕೆ ಬರುತ್ತದೆ.

ಈಗ ನಿಮ್ಮ ಬೋರ್ಡ್ ಕಾಗದದಲ್ಲಿ, ಅಂದರೆ ಎಎಫ್‌ಎಂಎಸ್‌ಎಫ್-16 ಅನ್ನುವ ಫಾರ್ಮಿನಲ್ಲಿ, ಪರ್ಸೆಂಟ್ ಬರೆದ ಕೋಷ್ಟಕ ನೋಡಿ. 'ಕಾಂಪೋಸಿಟ್' ಅಂತ ಒಂದು ಕಾಲಂ ಇದೆ. ಅಲ್ಲಿ 40 ಇರುತ್ತದೆ. ಅದರ ಪಕ್ಕ ಪೆನ್ಷನ್ನಿಗೆ ಅರ್ಹವಾದ 'ನೆಟ್ ಅಸೆಸ್‌ಮೆಂಟ್' ಅಂತ ಇನ್ನೊಂದು ಕಾಲಂ ಇದೆ. ದುಡ್ಡು ಬರುವುದು ಆ ಕಾಲಂನಿಂದ. ಬಿಪಿಯ 30 ಸೇವೆಗೆ ಸಂಬಂಧವಿಲ್ಲ ಅಂತ ಹೊರಗೆ ಹೋಯಿತು. ಉಳಿದದ್ದು ಮೊಣಕಾಲಿನ 15. ಸರ್ವೀಸ್ ಪೂರ್ತಿ ಮಾಡಿ ಬಿಡುಗಡೆಯಾದವರಿಗೆ ಕನಿಷ್ಠ 20 ಪರ್ಸೆಂಟ್ ಬೇಕು. 15 ಸಾಲಲಿಲ್ಲ. ಹಾಗಾಗಿ ಸೊನ್ನೆ.

(30ಕ್ಕೆ 15 ಕೂಡಿಸಿದರೆ 45 ಆಗಬೇಕಲ್ವಾ ಅಂತ ಕೇಳುವವರು ಬಹಳ. ಬೋರ್ಡ್ ಸುಮ್ನೆ ಕೂಡಿಸುವುದಿಲ್ಲ. ಎಲ್ಲಾ ತೊಂದರೆಗಳೂ ಸೇರಿ ಮನುಷ್ಯನ ಒಟ್ಟು ಸಾಮರ್ಥ್ಯ ಎಷ್ಟು ಕುಗ್ಗಿದೆ ಅಂತ ನೋಡುತ್ತದೆ. ಆ 40ರಲ್ಲಿ ತಪ್ಪೇನಿಲ್ಲ.)

ಮಿಲಿಟರಿ ಡಾಕ್ಟರಾಗಿ ಇಂಥ ಬೋರ್ಡ್‌ಗಳಲ್ಲಿ ಕೂತು ಬರೆದವನು ನಾನು. ಜವಾನರೂ ಅವರ ಮನೆಯವರೂ ಪರ್ಸೆಂಟ್ ಬಗ್ಗೆ ಜಗಳ ಆಡುತ್ತಾರೆ. ಸರ್, ಇನ್ನೂ ಹತ್ತು ಹಾಕಿ ಅಂತಾರೆ. ಆದರೆ ಕೇಸು ಗೆಲ್ಲುವುದೂ ಸೋಲುವುದೂ ಎರಡನೇ ಪ್ರಶ್ನೆಯಲ್ಲಿ, ಅದರ ಎದುರು ಒಂದೇ ಸಾಲಿನಲ್ಲಿ ಬರೆಯುವ ಕಾರಣದಲ್ಲಿ. ನಿಮ್ಮ ವಿಷಯದಲ್ಲಿ 'ಪೀಸ್ ಸ್ಟೇಷನ್‌ನಲ್ಲಿ ಶುರು', ಅಂದರೆ ಗಡಿಯ ಫೀಲ್ಡ್‌ನಲ್ಲಲ್ಲ, ಶಾಂತ ಊರಿನ ಪೋಸ್ಟಿಂಗ್‌ನಲ್ಲಿ ಶುರು ಅನ್ನುವುದೇ ಆ ಸಾಲು. ನೀವು ಹಿಡಿಯಬೇಕಾದದ್ದು ಅದನ್ನೇ.

ಬೋರ್ಡ್ ಅನ್ನುವುದು ಒಂದೇ ದಿನ ನಡೆಯುವ ಕೆಲಸವಲ್ಲ. ಅದಕ್ಕೆ ವರ್ಷಗಳ ಹಿಂದಿನ ಕಥೆ ಇರುತ್ತದೆ. ಸೈನ್ಯದಲ್ಲಿ ಪ್ರತಿಯೊಬ್ಬರಿಗೂ ಶೇಪ್ ಅನ್ನುವ ಮೆಡಿಕಲ್ ಕ್ಯಾಟಗರಿ ಇದೆ. ಮನಸ್ಸು, ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು, ಹೀಗೆ ಐದು ಅಂಶ ನೋಡುತ್ತಾರೆ. ಎಲ್ಲದರಲ್ಲೂ ಸರಿ ಇದ್ದರೆ ಶೇಪ್-1. ಯಾವುದರಲ್ಲಾದರೂ ಕಡಿಮೆ ಆದರೆ ಲೋ ಮೆಡಿಕಲ್ ಕ್ಯಾಟಗರಿ. ಮೊದಲು ತಾತ್ಕಾಲಿಕ, ಸರಿ ಹೋಗದಿದ್ದರೆ ಪರ್ಮನೆಂಟ್, ಆಮೇಲೆ ಆಗಾಗ ರಿವ್ಯೂ. ಹೀಗೆ ಕ್ಯಾಟಗರಿ ಇಳಿದವರು ಸರ್ವೀಸ್ ಮುಗಿಸಿ ಹೊರಡುವಾಗ ರಿಲೀಸ್ ಮೆಡಿಕಲ್ ಬೋರ್ಡ್ ನಡೆಯುತ್ತದೆ. ಸರ್ವೀಸ್ ಮಧ್ಯದಲ್ಲೇ ಇನ್ನು ಕೆಲಸಕ್ಕೆ ಆಗುವುದಿಲ್ಲ ಅಂತ ಕಳಿಸುವುದಾದರೆ ಇನ್ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್. ಜವಾನರ ಬಾಯಲ್ಲಿ ಇದೇ 'ಬೋರ್ಡ್ ಔಟ್'.

ಬಿಡುಗಡೆಯ ಬೋರ್ಡ್‌ಗೆ ಮುಂಚೆ ಸ್ಪೆಷಲಿಸ್ಟ್ ನೋಡುತ್ತಾರೆ. ಮೊಣಕಾಲಿಗೆ ಮೂಳೆ ಡಾಕ್ಟರು, ಬಿಪಿಗೆ ಮೆಡಿಕಲ್ ಸ್ಪೆಷಲಿಸ್ಟ್. ಅವರ ಅಭಿಪ್ರಾಯದ ಮೇಲೆ ಮೂವರು ಡಾಕ್ಟರುಗಳ ಬೋರ್ಡ್ ಕೂರುತ್ತದೆ. ಅದು ಬರೆದದ್ದನ್ನು ಮೇಲಿನ ಮೆಡಿಕಲ್ ಅಧಿಕಾರಿ ಮಂಜೂರು ಮಾಡುತ್ತಾರೆ. ಕೊನೆಗೆ ಪೆನ್ಷನ್ ಕೊಡಬೇಕೋ ಬೇಡವೋ ಅಂತ ಜವಾನರ ವಿಷಯದಲ್ಲಿ ರೆಕಾರ್ಡ್ಸ್ ಆಫೀಸ್ ತೀರ್ಮಾನಿಸುತ್ತದೆ. ಕೊಡಬೇಕು ಅಂತಾದರೆ ಪ್ರಯಾಗ್‌ರಾಜ್‌ನ ಪಿಸಿಡಿಎ ಅನ್ನುವ ಸೈನ್ಯದ ಪೆನ್ಷನ್ ಲೆಕ್ಕದ ಕಚೇರಿಯಿಂದ ಪಿಪಿಓ, ಅಂದರೆ ಪೆನ್ಷನ್ ಆದೇಶ, ಬರುತ್ತದೆ. ಆರ್ಟಿಲರಿಯ ರೆಕಾರ್ಡ್ಸ್ ನಾಸಿಕದಲ್ಲಿ. ನಿಮ್ಮ ಪತ್ರ ಹೋಗಬೇಕಾದದ್ದು ಅಲ್ಲಿಗೆ. ಊರ ಹತ್ತಿರ ಇದೆ ಅಂತ ಬೆಳಗಾವಿಯ ಮರಾಠಾ ರೆಜಿಮೆಂಟಲ್ ಸೆಂಟರ್‌ಗೆ ಅಲೆಯಬೇಡಿ. ಅವರದು ಬೇರೆ ರೆಕಾರ್ಡ್ಸ್.

ಆ ಫಾರ್ಮಿನಲ್ಲಿ ಯಾರೂ ಗಮನ ಕೊಡದ ಎರಡು ಭಾಗ ಇವೆ. ಒಂದು, ಜವಾನನ ಸ್ವಂತ ಹೇಳಿಕೆ. ಎಲ್ಲೆಲ್ಲಿ ಪೋಸ್ಟಿಂಗ್ ಆಗಿತ್ತು, ಯಾವುದು ಫೀಲ್ಡ್, ಯಾವುದು ಪೀಸ್, ತೊಂದರೆ ಮೊದಲು ಯಾವಾಗ ಕಂಡಿತು, ಭರ್ತಿಗೆ ಮುಂಚೆಯೇ ಇತ್ತಾ, ಇದೆಲ್ಲ ಅಲ್ಲಿರುತ್ತದೆ. ಎಷ್ಟೋ ಸಲ ಕ್ಲರ್ಕ್ ತುಂಬಿಸಿ ಇಲ್ಲಿ ಸೈನ್ ಹಾಕು ಅಂತಾನೆ. ಮನೆಗೆ ಹೋಗುವ ಖುಷಿಯಲ್ಲಿ ಜವಾನ ಓದದೇ ಸೈನ್ ಹಾಕುತ್ತಾನೆ. ಮೊದಲು ತಲೆನೋವು ಬಂದದ್ದು ಕಾರ್ಗಿಲ್‌ನಲ್ಲಿ, ಬಿಪಿ ಮಷೀನು ತೋರಿಸಿದ್ದು ಹೈದರಾಬಾದಿನಲ್ಲಿ ಅಂತಿಟ್ಟುಕೊಳ್ಳಿ. ಕಾಗದದ ಮೇಲೆ ಉಳಿಯುವುದು ಹೈದರಾಬಾದ್ ಮಾತ್ರ.

ಇನ್ನೊಂದು ಭಾಗ ಕಮಾಂಡಿಂಗ್ ಆಫೀಸರ್ ಹೇಳಿಕೆ. ಇವನ ಕೆಲಸ ಎಂಥದ್ದು, ಒತ್ತಡ ಇತ್ತಾ, ಸೇವೆಯೇ ಕಾರಣವಾ ಅಂತ ಯೂನಿಟ್ ಬರೆದುಕೊಡಬೇಕು. ಹೃದಯದ ಕಾಯಿಲೆ ಆದರೆ ಅದಕ್ಕೆ ಮುಂಚಿನ 14 ದಿನಗಳ ಡ್ಯೂಟಿ ಪಟ್ಟಿಯನ್ನೇ ಕೇಳುತ್ತಾರೆ. ಗಸ್ತು, ರಾತ್ರಿ ಕಾವಲು, ಗನ್ ಡ್ರಿಲ್, ಯಾವುದಿದ್ದರೂ ಅದರಲ್ಲಿ ಬರಬೇಕು. ಯೂನಿಟ್ ನಿರ್ಲಕ್ಷ್ಯದಿಂದ 'ಸಾಮಾನ್ಯ ಡ್ಯೂಟಿ' ಅಂತ ಬರೆದರೆ ಡಾಕ್ಟರ ಕೈ ಕಟ್ಟಿದಂತೆ. ನನಗೆ ಡಾಕ್ಟರುಗಳ ಮೇಲಿರುವುದಕ್ಕಿಂತ ಜಾಸ್ತಿ ಸಿಟ್ಟು ಈ ವಿಷಯದಲ್ಲಿ ಯೂನಿಟ್‌ಗಳ ಮೇಲಿದೆ.

ಪೆಟ್ಟಿಗೂ ಕಾಯಿಲೆಗೂ ದಾರಿ ಬೇರೆ. ಪೆಟ್ಟು ಸೇವೆಯಿಂದ ಆಯಿತಾ ಇಲ್ಲವಾ ಅಂತ ಹೇಳುವವರು ಡಾಕ್ಟರಲ್ಲ, ಸೈನ್ಯದ ಆಡಳಿತ. ಅದಕ್ಕೆ ಐಎಎಫ್‌ವೈ-2006 ಅನ್ನುವ ಇಂಜುರಿ ರಿಪೋರ್ಟ್ ಬೇಕು. ದೊಡ್ಡ ಪೆಟ್ಟಾದರೆ ಕೋರ್ಟ್ ಆಫ್ ಎನ್‌ಕ್ವೈರಿ, ಅಂದರೆ ಸೈನ್ಯದ ಒಳಗಿನ ವಿಚಾರಣೆ. ನಿಮ್ಮ ಯಜಮಾನರ ಮೊಣಕಾಲಿನ ವಿಷಯದಲ್ಲಿ ಈ ಕಾಗದ ಸರಿಯಾಗಿ ಆಗಿರಬೇಕು, ಅದಕ್ಕೇ ಅಲ್ಲಿ ಅಟ್ರಿಬ್ಯೂಟಬಲ್ ಅಂತ ಬಂದಿದೆ. ರಜೆಯಲ್ಲಿ ಊರಿಗೆ ಬಂದಾಗ ಬೈಕಿನಿಂದ ಬಿದ್ದವರ ಕೇಸುಗಳು ತುಂಬ ಬಿದ್ದುಹೋಗುವುದೂ ಇಲ್ಲೇ. ರಜೆಯ ದಿನವನ್ನು ಡ್ಯೂಟಿ ಅಂತ ಎಣಿಸಿದರೂ ಸಾಲದು, ಆ ಅಪಘಾತಕ್ಕೂ ಸೈನ್ಯದ ಕೆಲಸಕ್ಕೂ ಏನಾದರೂ ಕೊಂಡಿ ಇರಬೇಕು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಈಗ ಬಿಪಿ. ಕಾಯಿಲೆಯ ವಿಷಯದಲ್ಲಿ ಡಾಕ್ಟರ ಅಭಿಪ್ರಾಯವೇ ಮುಖ್ಯ. ಡಾಕ್ಟರುಗಳು ನೋಡಿಕೊಳ್ಳುವ ಮಾರ್ಗದರ್ಶಿ ಪುಸ್ತಕ ಒಂದಿದೆ, ಗೈಡ್ ಟು ಮೆಡಿಕಲ್ ಆಫೀಸರ್ಸ್ ಅಂತ. ಬಿಪಿ ಫೀಲ್ಡ್‌ನಲ್ಲೋ ಎತ್ತರದ ಪ್ರದೇಶದಲ್ಲೋ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲೋ ಇದ್ದಾಗ ಶುರುವಾದರೆ ಸೇವೆಯಿಂದ ಜಾಸ್ತಿಯಾಯಿತು ಅಂತ ಒಪ್ಪಿಕೊಳ್ಳುವುದು ಸುಲಭ. ಪೀಸ್ ಸ್ಟೇಷನ್‌ನಲ್ಲಿ ಪತ್ತೆಯಾದರೆ ಬಹುತೇಕ ಬೋರ್ಡ್‌ಗಳು ಯಾಂತ್ರಿಕವಾಗಿ ಸಂಬಂಧವಿಲ್ಲ ಅಂತ ಬರೆದು ಮುಂದೆ ಹೋಗುತ್ತವೆ. ಇದು ನನಗೆ ಒಪ್ಪಿಗೆಯಿಲ್ಲ. ಬಿಪಿ ಒಂದು ದಿನದಲ್ಲಿ ಬರುವುದಿಲ್ಲ. ವರ್ಷಾನುಗಟ್ಟಲೆ ಸದ್ದಿಲ್ಲದೆ ಏರಿರುತ್ತದೆ. ಪತ್ತೆಯಾದ ಜಾಗವೇ ಹುಟ್ಟಿದ ಜಾಗ ಅನ್ನುವುದು ವೈದ್ಯಶಾಸ್ತ್ರವಲ್ಲ, ಕಚೇರಿಯ ಅನುಕೂಲ. ಫೀಲ್ಡ್‌ನಿಂದ ಇಳಿದ ಕೆಲವೇ ತಿಂಗಳಲ್ಲಿ ಕಂಡಿದೆ ಅಂದರೆ ಹಿಂದಿನ ಪೋಸ್ಟಿಂಗ್ ಕಡೆಗೆ ನೋಡಲೇಬೇಕು.

ಕೋರ್ಟಿನ ಮಾತೂ ನಿಮ್ಮ ಕಡೆಗಿದೆ. 2013ರಲ್ಲಿ ಧರಮ್‌ವೀರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಇಂಥ ಪ್ರತಿಯೊಂದು ಅರ್ಜಿಯಲ್ಲೂ ಹಾಕುತ್ತಾರೆ. ಆತ ಸಿಗ್ನಲ್ಸ್‌ನ ಸಿಪಾಯಿ. ಮೂರ್ಛೆ ರೋಗ ಅಂತ 20 ಪರ್ಸೆಂಟ್ ಬರೆದು 1994ರಲ್ಲಿ ಬೋರ್ಡ್ ಔಟ್ ಮಾಡಿದ್ದರು. ಸೇವೆಗೆ ಸಂಬಂಧವಿಲ್ಲ, ಪೆನ್ಷನ್ ಇಲ್ಲ ಅಂದಿದ್ದರು. ಕೋರ್ಟ್ ಹೇಳಿದ್ದು ಇಷ್ಟು: ಭರ್ತಿಯಾಗುವಾಗ ತಪಾಸಣೆ ಮಾಡಿಯೇ ತೆಗೆದುಕೊಂಡಿದ್ದೀರಿ. ಆಗ ಯಾವ ಕಾಯಿಲೆಯನ್ನೂ ಬರೆದಿಲ್ಲ ಅಂದಮೇಲೆ ಆತ ಆರೋಗ್ಯವಾಗಿಯೇ ಬಂದಿದ್ದ ಅಂತ ಹಿಡಿಯಬೇಕು. ಸಂಬಂಧವಿಲ್ಲ ಅಂತ ತೋರಿಸುವ ಹೊಣೆ ಸರಕಾರದ್ದು, ಜವಾನನದ್ದಲ್ಲ. ಬೋರ್ಡ್ ಕಾರಣ ಬರೆಯಲೇಬೇಕು. ಅನುಮಾನ ಉಳಿದರೆ ಅದರ ಲಾಭ ಜವಾನನಿಗೆ. ಆತ ಬೋರ್ಡ್ ಔಟ್ ಆದ ಎಷ್ಟೋ ವರ್ಷದ ಮೇಲೆ ಬಂದ 2008ರ ಪೆನ್ಷನ್ ನಿಯಮಗಳಲ್ಲಿ ಭಾಷೆ ಬದಲಾಗಿದೆ ಅಂತ ಸರಕಾರದ ವಕೀಲರು ವಾದಿಸುತ್ತಾರೆ. ನಿಮ್ಮ ಕೇಸೂ ಆ ನಿಯಮಗಳ ಕೆಳಗೇ ಬರುತ್ತದೆ, ಹಾಗಾಗಿ ಈ ವಾದವನ್ನು ಕೇಳಲು ತಯಾರಿರಿ. ಹಾಗಿದ್ದೂ ಧರಮ್‌ವೀರ್ ತೀರ್ಪನ್ನೇ ಹಿಡಿದು ಬಿಪಿ ಕೇಸುಗಳಲ್ಲಿ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್, ಅಂದರೆ ಸೈನಿಕರ ಕೇಸು ಕೇಳುವ ನ್ಯಾಯಮಂಡಳಿ, ಪೆನ್ಷನ್ ಕೊಡಿಸಿದ ಆದೇಶಗಳು ಬೇಕಾದಷ್ಟಿವೆ. ಗ್ಯಾರಂಟಿ ಅಂತ ನಾನು ಹೇಳಲಾರೆ. ಕೇಸು ಗಟ್ಟಿಯಿದೆ ಅಂತ ಹೇಳಬಲ್ಲೆ.

ಗೆದ್ದರೆ ಎಷ್ಟು ಬರುತ್ತದೆ? 100 ಪರ್ಸೆಂಟ್ ಊನಕ್ಕೆ ಕೊನೆಯ ಸಂಬಳದ 30 ಪರ್ಸೆಂಟ್ ಡಿಸಬಿಲಿಟಿ ಎಲಿಮೆಂಟ್. ಕಡಿಮೆ ಊನಕ್ಕೆ ಅದೇ ಪ್ರಮಾಣದಲ್ಲಿ ಕಡಿಮೆ. ಲೆಕ್ಕಕ್ಕೆ ಬೇಸಿಕ್ಕೂ ಮಿಲಿಟರಿ ಸರ್ವೀಸ್ ಪೇನೂ ಸೇರಿ 50,000 ಅಂದುಕೊಳ್ಳಿ. 100ಕ್ಕೆ 15,000 ಆಯಿತು. 40ಕ್ಕೆ 6,000. ಆದರೆ ಇಲ್ಲಿ ಬ್ರಾಡ್ ಬ್ಯಾಂಡಿಂಗ್ ಅನ್ನುವ ಇನ್ನೊಂದು ಅನುಕೂಲ ಇದೆ. 50ಕ್ಕಿಂತ ಕಡಿಮೆ ಇದ್ದರೆ 50 ಅಂತ, 50ರಿಂದ 75ರವರೆಗೆ ಇದ್ದರೆ 75 ಅಂತ, ಅದಕ್ಕಿಂತ ಮೇಲಿದ್ದರೆ 100 ಅಂತ ಹಿಡಿಯುತ್ತಾರೆ. ಆಗ ನಿಮ್ಮ 40 ಪರ್ಸೆಂಟ್ 50 ಆಗಿ ತಿಂಗಳಿಗೆ 7,500, ಅದರ ಮೇಲೆ ತುಟ್ಟಿ ಪರಿಹಾರ. ಮಾಮೂಲಿ ಪೆನ್ಷನ್ ಹೇಗೂ ಇದ್ದೇ ಇದೆ, ಇದು ಅದಕ್ಕೆ ಸೇರುವ ಹಣ. ಸರಕಾರ ಈ ಅನುಕೂಲವನ್ನು ಮೊದಲು ಬೋರ್ಡ್ ಔಟ್ ಆದವರಿಗೆ ಮಾತ್ರ ಕೊಟ್ಟಿತ್ತು. ಸರ್ವೀಸ್ ಮುಗಿಸಿ ಬಂದವರಿಗೂ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಕೇಸಿನಲ್ಲಿ ಹೇಳಿತು. ಅದಾದ ಮೇಲೂ ಪಿಪಿಓದಲ್ಲಿ 20, 30 ಅಂತಲೇ ಬಂದು ಟ್ರಿಬ್ಯೂನಲ್‌ಗೆ ಹೋಗಿ 50 ಮಾಡಿಸಿಕೊಂಡವರು ತುಂಬ ಜನ. ಹಾಗಾಗಿ ಅರ್ಜಿಯಲ್ಲಿ ಎರಡನ್ನೂ ಕೇಳಿ. ಬಿಪಿಯನ್ನು ಸೇವೆಯಿಂದ ಬಂದದ್ದು ಅಥವಾ ಜಾಸ್ತಿಯಾದದ್ದು ಅಂತ ಒಪ್ಪಬೇಕು. ಒಟ್ಟು 40ನ್ನು 50 ಮಾಡಬೇಕು. ಎರಡನೆಯದನ್ನು ಬರೆಯಲು ಮರೆತವರು ಮತ್ತೆ ಅಲೆದಿದ್ದಾರೆ.

ನಿಮಗೆ ಬೇಕಿಲ್ಲದಿದ್ದರೂ ಬೇರೆ ಓದುಗರಿಗಾಗಿ ಒಂದು ಮಾತು. ಯುದ್ಧದಲ್ಲಿ, ಗಡಿಯ ಕಾಳಗದಲ್ಲಿ ಆದ ಗಾಯಕ್ಕೆ ವಾರ್ ಇಂಜುರಿ ಪೆನ್ಷನ್ ಬೇರೆಯೇ ಇದೆ. ಅಲ್ಲಿ 30ರ ಬದಲು ಸರ್ವೀಸ್ ಮುಗಿಸಿದವರಿಗೆ 60 ಪರ್ಸೆಂಟ್, ಬೋರ್ಡ್ ಔಟ್ ಆದವರಿಗೆ ಪೂರ್ತಿ 100 ಪರ್ಸೆಂಟ್ ಸಂಬಳದ ಮೇಲೆ ಲೆಕ್ಕ. ಇನ್ನು, ಬೋರ್ಡ್ ಔಟ್ ಮಾಡಿ 20ಕ್ಕಿಂತ ಕಡಿಮೆ ಬರೆದಿದ್ದಾರೆ ಅಂತ ಕೈಚೆಲ್ಲಿದವರೂ ಇದ್ದಾರೆ. ಕೆಲಸಕ್ಕೆ ಆಗುವುದಿಲ್ಲ ಅಂತ ಮನೆಗೆ ಕಳಿಸಿದ ಮೇಲೆ ಊನ 20ಕ್ಕಿಂತ ಜಾಸ್ತಿ ಅಂತಲೇ ಹಿಡಿಯಬೇಕು ಅಂತ 2014ರ ಸುಖ್‌ವಿಂದರ್ ಸಿಂಗ್ ತೀರ್ಪು ಹೇಳುತ್ತದೆ. ಅಂಥವರು ಕಾಗದ ಮತ್ತೆ ತೆಗೆದು ನೋಡಲಿ.

ತಡದ ವಿಷಯ. ತಿರಸ್ಕಾರದ ಕಾಗದ ಕೈಗೆ ಬಂದ ಆರು ತಿಂಗಳೊಳಗೆ ಮೊದಲ ಅಪೀಲ್ ಹಾಕಬೇಕು. ಅದೂ ಸೋತರೆ ಮತ್ತೆ ಆರು ತಿಂಗಳೊಳಗೆ ಎರಡನೇ ಅಪೀಲ್. ಅದರ ನಂತರ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್. ನಿಮಗೆ ಮೊದಲ ಗಡುವು ಮೀರಿದೆ, ನಿಜ. ಬಾಗಿಲು ಮುಚ್ಚಿಲ್ಲ. ಪೆನ್ಷನ್ ತಿಂಗಳು ತಿಂಗಳು ಬರಬೇಕಾದ ಹಣ, ಹಾಗಾಗಿ ಅನ್ಯಾಯವೂ ತಿಂಗಳು ತಿಂಗಳು ಮುಂದುವರಿಯುತ್ತದೆ ಅಂತ ಕೋರ್ಟುಗಳು ನೋಡುತ್ತವೆ. ತಡ ಆದದ್ದಕ್ಕೆ ಕಾರಣ ಬರೆದು ಮನ್ನಿಸಿ ಅಂತ ಕೇಳಿದರೆ ಸಾಮಾನ್ಯವಾಗಿ ಕೇಸು ತೆಗೆದುಕೊಳ್ಳುತ್ತಾರೆ. ಪೆಟ್ಟು ಬೀಳುವುದು ಬಾಕಿ ಹಣಕ್ಕೆ. 2008ರ ತರ್ಸೇಮ್ ಸಿಂಗ್ ತೀರ್ಪಿನ ಆಧಾರದ ಮೇಲೆ, ಅರ್ಜಿ ಹಾಕುವುದಕ್ಕೆ ಮುಂಚಿನ ಮೂರು ವರ್ಷದ ಬಾಕಿ ಮಾತ್ರ ಕೊಟ್ಟ ಆದೇಶಗಳು ಬಹಳ. ನೀವು ಇನ್ನೂ ಕಾದಷ್ಟು ಹಿಂದಿನ ತಿಂಗಳುಗಳು ಹೋಗುತ್ತವೆ.

ಈಗಲೇ ಮೊದಲ ಅಪೀಲ್ ಬರೆದು ನಾಸಿಕಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಆರು ತಿಂಗಳಾದರೂ ಉತ್ತರ ಬರದಿದ್ದರೆ ಟ್ರಿಬ್ಯೂನಲ್‌ಗೆ ಹೋಗಬಹುದು. ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ಅಪೀಲಿನಲ್ಲಿ ಕಣ್ಣೀರಿನ ಮಾತು ಬೇಡ. ಭರ್ತಿಯ ವೇಳೆ ಶೇಪ್-1 ಇದ್ದದ್ದು, ಕಾರ್ಗಿಲ್ ಪೋಸ್ಟಿಂಗ್‌ನ ತಾರೀಕು, ಬಿಪಿ ಪತ್ತೆಯಾದ ತಾರೀಕು, ನಡುವೆ ಎಷ್ಟು ತಿಂಗಳು ಅನ್ನುವುದು, ಬೋರ್ಡ್ ಬರೆದ ಕಾರಣ, ಇಷ್ಟೇ ಸಾಕು. ತಾರೀಕುಗಳು ಕಾಗದದ ಜೊತೆ ಹೊಂದಬೇಕು. ಅದಕ್ಕಾಗಿ ಬೋರ್ಡ್ ಪ್ರೊಸೀಡಿಂಗ್ಸ್‌ನ ಎಲ್ಲಾ ಪುಟಗಳ ನಕಲು, ಹೈದರಾಬಾದಿನಲ್ಲಿ ಮೊದಲು ಕ್ಯಾಟಗರಿ ಇಳಿಸಿದ ಬೋರ್ಡ್‌ನ ಕಾಗದ, ಪೋಸ್ಟಿಂಗ್ ವಿವರ, ಇಂಜುರಿ ರಿಪೋರ್ಟ್, ಇವೆಲ್ಲ ಬೇಕು. ಮನೆಯಲ್ಲಿ ಇಲ್ಲದ್ದನ್ನು ರೆಕಾರ್ಡ್ಸ್‌ನಿಂದ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಅರ್ಜಿಗೆ ಯಜಮಾನರದೇ ಸಹಿ ಇರಲಿ. ಕಾರ್ಗಿಲ್‌ನಲ್ಲಿದ್ದಾಗ ಎಂಐ ರೂಮಿನಲ್ಲಿ, ಅಂದರೆ ಯೂನಿಟ್‌ನ ಚಿಕಿತ್ಸಾ ಕೋಣೆಯಲ್ಲಿ, ತಲೆನೋವು, ತಲೆಸುತ್ತು ಅಂತ ತೋರಿಸಿದ್ದ ಚೀಟಿ ಏನಾದರೂ ಟ್ರಂಕಿನಲ್ಲಿ ಇದ್ದರೆ ಅದು ಚಿನ್ನ. ಬೆಳಗಾವಿಯ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅರ್ಜಿ ಬರೆಯಲು ಸಹಾಯ ಕೇಳಬಹುದು. ದುಡ್ಡು ಬಂದ ಮೇಲೆ ಇಷ್ಟು ಪಾಲು ಕೊಡಿ ಅನ್ನುವ ಏಜೆಂಟರಿಂದ ದೂರ ಇರಿ.

ಮೊಣಕಾಲಿನ 15 ಕಡಿಮೆ ಅನಿಸಿದರೆ ಅದನ್ನೂ ಅಪೀಲಿನಲ್ಲಿ ಎತ್ತಬಹುದು. ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಬಿಪಿಯ ಕಾರಣದ ಮೇಲೆಯೇ ಜೋರು ಕೊಡುತ್ತಿದ್ದೆ. ಅದು ಗೆದ್ದರೆ ಮೊಣಕಾಲಿನ 15 ತಾನಾಗಿಯೇ ಒಟ್ಟು ಲೆಕ್ಕಕ್ಕೆ ಸೇರುತ್ತದೆ.

ಇನ್ನೊಂದು ಗೊಂದಲ ಬೇಡ. ಜಿಲ್ಲಾಸ್ಪತ್ರೆಯಲ್ಲಿ ಅಂಗವಿಕಲರ ಯುಡಿಐಡಿ ಕಾರ್ಡ್ ಮಾಡಿಸಿದರೆ ಸೈನ್ಯದ ಪೆನ್ಷನ್ ಬರುತ್ತದೆ ಅಂತ ಯಾರೋ ಹೇಳಬಹುದು. ಅದು ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಬೇರೆ ವ್ಯವಸ್ಥೆ. ಅಲ್ಲಿ ಸವಲತ್ತಿಗೆ ಕೇಳುವ 40 ಪರ್ಸೆಂಟ್‌ಗೂ ನಿಮ್ಮ ಬೋರ್ಡ್‌ನ 40ಕ್ಕೂ ನೆಂಟಸ್ತನವಿಲ್ಲ. ಬಿಪಿ ಆ ಕಾಯ್ದೆಯ ಪಟ್ಟಿಯಲ್ಲೇ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಸೈನ್ಯಕ್ಕೆ ಹೊಸ ನಿಯಮ ಬಂದು ಡಿಸಬಿಲಿಟಿ ಎಲಿಮೆಂಟ್ ಬದಲು 'ಇಂಪೇರ್‌ಮೆಂಟ್ ರಿಲೀಫ್' ಅನ್ನುವ ಹೆಸರು ಶುರುವಾಗಿದೆ. ನಿಮ್ಮವರು 2022ರಲ್ಲೇ ಬಂದಿರುವುದರಿಂದ ಯಾರಾದರೂ ಅದನ್ನು ತೋರಿಸಿ ಹೆದರಿಸಿದರೆ ಬಿಡುಗಡೆಯ ತಾರೀಕು ತೋರಿಸಿ.

ಮೈದುನನ ವಿಷಯ. ಅಗ್ನಿವೀರರಿಗೆ ಈ ಪೆನ್ಷನ್ ಇಲ್ಲ. ಬೋರ್ಡ್ ಅವರಿಗೂ ಇದೆ, ಸೇವೆಗೆ ಸಂಬಂಧ ಇದೆಯಾ ಅನ್ನುವ ಪ್ರಶ್ನೆಯೂ ಇದೆ, ಆದರೆ ಕೊಡುವುದು ಒಂದೇ ಸಲದ ಮೊತ್ತ. ಊನ 100 ಪರ್ಸೆಂಟ್ ಆದರೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ. ಊನದಿಂದ ಹೊರಗೆ ಬಂದರೆ ಉಳಿದ ಅವಧಿಯ ಸಂಬಳ ಮತ್ತು ಸೇವಾ ನಿಧಿ ಅನ್ನುವ ಇಡುಗಂಟೂ ಸೇರುತ್ತದೆ. ಅವನಿಗೆ ಈಗಲೇ ಫೋನ್ ಮಾಡಿ ಹೇಳಿ: ಸಣ್ಣ ಪೆಟ್ಟಾದರೂ ಯೂನಿಟ್‌ನಲ್ಲಿ ಇಂಜುರಿ ರಿಪೋರ್ಟ್ ಮಾಡಿಸಲಿ, ಅದರ ಫೋಟೋ ತೆಗೆದು ಮನೆಗೆ ಕಳಿಸಲಿ.